ಹಳೇ ಹುಬ್ಬಳ್ಳಿಯ ಒಂದು ಖಾಲಿ ಜಾಗ: ಜನವರಿಯಿಂದ ಸೆಪ್ಟೆಂಬರ್‌ವರೆಗೆ

ಹಳೇ ಹುಬ್ಬಳ್ಳಿಯಲ್ಲಿ ನಮ್ಮ ಅಜ್ಜಿಯ ಮನೆ ಇರುವ ಓಣಿಯ ತುದಿಗೆ ಒಂದು ಖಾಲಿ ಜಾಗ ಇದೆ. ಸುಮಾರು 40 ಅಡಿ ಉದ್ದ, 28 ಅಡಿ ಅಗಲ. ನಡುವೆ ಬೇವಿನ ಮರ, ಅದರ ಸುತ್ತ ಕಟ್ಟೆ. ಪಶ್ಚಿಮಕ್ಕೆ ಹಿಟ್ಟಿನ ಗಿರಣಿಯ ಗೋಡೆ, ಮೂಲೆಯಲ್ಲೊಂದು ನಲ್ಲಿ. ಉಳಿದದ್ದೆಲ್ಲ ಮಣ್ಣು ಮತ್ತು ಬೈಕು.

ನಾನು ಆರ್ಕಿಟೆಕ್ಟ್ ಆಗಿ ಮೂರು ವರ್ಷ ಆಯಿತು. ವಾರವಿಡೀ ಆಫೀಸಿನಲ್ಲಿ ಡ್ಯೂಪ್ಲೆಕ್ಸ್ ಮನೆಗಳ ಮೆಟ್ಟಿಲು, ಅಡುಗೆಮನೆ ಕಪಾಟು ಬಿಡಿಸುತ್ತೇನೆ. ಈ ಜಾಗ ಭಾನುವಾರದ ಕೆಲಸ. ಇದಕ್ಕೆ ಯಾರೂ ಫೀಸು ಕೊಡುವುದಿಲ್ಲ, ಹಾಗಾಗಿ ಯಾರೂ ಬೈಯುವುದೂ ಇಲ್ಲ. ವಹಿಯಲ್ಲಿ ಗೀಚಿಕೊಂಡಿದ್ದನ್ನು ಸ್ವಲ್ಪ ತಿದ್ದಿ ಇಲ್ಲಿ ಹಾಕುತ್ತಿದ್ದೇನೆ.

ಜನವರಿ

ಮೊದಲ ನಕಾಶೆ ಒಂದೇ ರಾತ್ರಿಯಲ್ಲಿ ಮುಗಿಯಿತು. ಅರ್ಧ ವೃತ್ತದ ಮೆಟ್ಟಿಲು, ನೆರಳಿಗೆ ಬಳ್ಳಿ ಚಪ್ಪರ, ನಡುವೆ ಸಣ್ಣ ವೇದಿಕೆ. ನಮ್ಮ ಬ್ಯಾಚಿನಲ್ಲಿ ಆಂಫಿಥಿಯೇಟರ್ ಇಲ್ಲದ ಪ್ರಾಜೆಕ್ಟೇ ಇರಲಿಲ್ಲ, ಆ ಚಾಳಿ ಇನ್ನೂ ಹೋಗಿಲ್ಲ. ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದಳು.

"ಚಂದ ಐತಿ. ಇದ್ರಾಗ ನಾ ಎಲ್ಲಿ ಕುಂದ್ರಲಿ?"

ಉತ್ತರ ಇರಲಿಲ್ಲ. ಆ ಹಾಳೆಯನ್ನು ಮಡಚಿಟ್ಟೆ. ಮುಂದಿನ ನಾಲ್ಕು ಭಾನುವಾರ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಅಜ್ಜಿಯ ಮನೆ ಮೆಟ್ಟಿಲ ಮೇಲೆ ಕೂತು ಎಣಿಸಿದೆ. ಅರ್ಧ ಗಂಟೆಗೊಮ್ಮೆ ಯಾರು ಎಲ್ಲಿದ್ದಾರೆ, ಕೂತಿದ್ದಾರಾ, ನಿಂತಿದ್ದಾರಾ ಅಂತ ಗುರುತು. ಗಂಡಸರಿಗೆ ಚುಕ್ಕಿ, ಹೆಂಗಸರಿಗೆ ಗೆರೆ, ಮಕ್ಕಳಿಗೆ ಸೊನ್ನೆ. ನಮ್ಮ ಊರಲ್ಲಿ ನೀರು ಬರುವ ದಿನದ ಲೆಕ್ಕವೇ ಬೇರೆ, ಅದಕ್ಕೆ ರಜೆ ಹಾಕಿ ಅಂಥ ಒಂದು ದಿನವನ್ನೂ ಸೇರಿಸಿದೆ.

ಕಟ್ಟೆಯ ಮೇಲೆ ಪೂರ್ತಿ ಚುಕ್ಕಿಗಳು. ಸಂಜೆ ಐದಕ್ಕೆ ಶುರುವಾದರೆ ಎಂಟರವರೆಗೆ ಹರಟೆ. ನಾಲ್ಕು ಭಾನುವಾರದಲ್ಲಿ ಕಟ್ಟೆ ಮೇಲೆ ಕೂತ ಹೆಂಗಸು ಒಬ್ಬಳೇ, ಅದೂ ಚಪ್ಪಲಿಯ ಉಂಗುಟ ಕಿತ್ತಿತ್ತು ಅಂತ. ಹಾಗಂತ ಹೆಂಗಸರು ಅಲ್ಲಿ ಇರುವುದೇ ಇಲ್ಲ ಅಂತಲ್ಲ. ದಿನದ ಒಟ್ಟು ಲೆಕ್ಕ ತೆಗೆದರೆ ಗೆರೆಗಳೇ ಜಾಸ್ತಿ. ಗಿರಣಿ ಮುಂದೆ ಗೆರೆ, ನಲ್ಲಿ ಹತ್ತಿರ ಗೆರೆ. ಆದರೆ ಎಲ್ಲವೂ ನಿಂತ ಗೆರೆ.

ಕಟ್ಟೆ ಅಳೆದೆ. ಎರಡೂವರೆ ಅಡಿ ಎತ್ತರ. ಹುಡುಗರು ಒಂದೇ ನೆಗೆತಕ್ಕೆ ಏರುತ್ತಾರೆ. ವಯಸ್ಸಾದವರಲ್ಲಿ ಒಬ್ಬ ಅಜ್ಜ ಮಾತ್ರ ಏರುತ್ತಾರೆ, ಅವರು ಪಕ್ಕದಲ್ಲಿ ತಮ್ಮದೇ ಒಂದು ಕಲ್ಲು ಇಟ್ಟುಕೊಂಡಿದ್ದಾರೆ. ಆರಾಮಾಗಿ ಕೂರಲು ಒಂದೂವರೆ ಅಡಿ ಸಾಕು.

ಅಳತೆ ತೆಗೆಯುವಾಗ ಮರದಿಂದ ಹನ್ನೆರಡು ಅಡಿ ದೂರದಲ್ಲಿ ನೆಲ ಕಪ್ಪಾಗಿದ್ದು ಕಂಡಿತು. ನಕಾಶೆಯಲ್ಲಿ "ಕಸ ಸುಟ್ಟ ಜಾಗ" ಅಂತ ಬರೆದುಕೊಂಡೆ.

ಫೆಬ್ರವರಿ

1970ರ ದಶಕದಲ್ಲಿ ವಿಲಿಯಂ ವೈಟ್ ಎಂಬವರು ನ್ಯೂಯಾರ್ಕಿನ ದೊಡ್ಡ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ ಅಂತ ನೋಡಿದ್ದರು. ಅವರಿಗೆ ಕಂಡ ಒಂದು ಸಂಗತಿ ನನಗೆ ಬಹಳ ಇಷ್ಟ. ಎತ್ತಿಡಬಹುದಾದ ಕುರ್ಚಿ ಸಿಕ್ಕರೆ ಜನ ಕೂರುವ ಮೊದಲು ಅದನ್ನು ಒಂಚೂರು ಸರಿಸುತ್ತಾರೆ. ಕಾರಣ ಬೇಕಿಲ್ಲ, ಸುಮ್ನೆ.

ಕ್ಯಾಮೆರಾ ಇಟ್ಟರೆ ಓಣಿಯವರು ನನ್ನನ್ನು ಬಿಡುತ್ತಿರಲಿಲ್ಲ. ಕುರ್ಚಿ ಇಡಬಹುದಲ್ವಾ? ಪೆಂಡಾಲಿನವರ ಹತ್ತಿರ ಹತ್ತು ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ತಂದು, ಬೆಳಿಗ್ಗೆ ಮರದ ಸುತ್ತ ಇಟ್ಟೆ. ಮಧ್ಯಾಹ್ನದವರೆಗೆ ಅವು ಅಲ್ಲೇ ಇದ್ದವು. "ಯಾರ ಮದಿವಿರೀ?" ಅಂತ ಮೂರು ಜನ ಕೇಳಿಕೊಂಡು ಹೋದರು. ಮೂರು ಗಂಟೆಗೆ ಗಿರಣಿ ಗೋಡೆಯ ನೆರಳು ಜಾಗದೊಳಕ್ಕೆ ಚಾಚಿತು. ಆಮೇಲೆ ಒಬ್ಬಾಕೆ ಜೋಳದ ಡಬ್ಬಿ ಇಳಿಸಿ, ಒಂದು ಕುರ್ಚಿ ಎಳೆದುಕೊಂಡು ಗೋಡೆಗೆ ಬೆನ್ನು ಕೊಟ್ಟು ಕೂತರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು. ಐದಕ್ಕೆ ಎಣಿಸಿದರೆ ಏಳು ಕುರ್ಚಿ ಗೋಡೆ ಹತ್ತಿರ. ಅಷ್ಟರಲ್ಲಿ ಕರೆಂಟು ಹೋಯಿತು, ಗಿರಣಿ ನಿಂತಿತು. ಮನೆಗೆ ಹೋಗಿ ಬರಬಹುದಿತ್ತು, ಆದರೆ ಯಾರೂ ಏಳಲಿಲ್ಲ.

ಓಣಿಯ ಹೆಂಗಸರಿಗೆ ಹೊರಗೆ ಕೂರಲು ಒಂದು ನೆಪ ಬೇಕಿತ್ತು. ಜೋಳದ ಡಬ್ಬಿ ಆ ನೆಪ. ನಾನು ಇಡೀ ಜನವರಿ ಮರದ ಕಡೆ ಮುಖ ಮಾಡಿ ಕೂತಿದ್ದೆ, ಗಿರಣಿ ನನ್ನ ಬೆನ್ನ ಹಿಂದೆ ಇತ್ತು.

ಕುರ್ಚಿ ವಾಪಸ್ ಕೊಟ್ಟು ದುರ್ಗದ ಬೈಲಿಗೆ ಗಿರ್ಮಿಟ್ ತಿನ್ನಲು ಹೋದೆ. ಅಲ್ಲಿ ಯಾವ ಆರ್ಕಿಟೆಕ್ಟೂ ಬೆಂಚು ಹಾಕಿಲ್ಲ. ಜನ ಸ್ಕೂಟರ್ ಸೀಟಿನ ಮೇಲೆ ಮಿರ್ಚಿ ತಟ್ಟೆ ಇಟ್ಟುಕೊಂಡು, ಅಂಗಡಿ ಮೆಟ್ಟಿಲಿಗೆ ಒಂದು ಕಾಲು ಕೊಟ್ಟು ನಿಂತಿರುತ್ತಾರೆ. ಹುಬ್ಬಳ್ಳಿಯಲ್ಲಿ ಸಂಜೆ ಅಷ್ಟು ತುಂಬುವ ಜಾಗ ಬೇರೆ ಎಲ್ಲಿದೆ ಹೇಳಿ.

ಎರಡನೇ ನಕಾಶೆ ಚಿಕ್ಕದು. ಗಿರಣಿ ಗೋಡೆಗುಂಟ 18 ಅಡಿ ಉದ್ದದ ಆಸನ, ಒಂದೂವರೆ ಅಡಿ ಎತ್ತರ. ಅದರ ಒಂದು ತುದಿಯಲ್ಲಿ ಎರಡೂವರೆ ಅಡಿಯ ಹಲಗೆಗಲ್ಲು, ಡಬ್ಬಿ ಇಡಲು. ಹಿಂದೆ ದಾರಿ ಪಕ್ಕ ತಲೆಹೊರೆ ಇಳಿಸಲು ಎತ್ತರದ ಕಲ್ಲು ನಿಲ್ಲಿಸುತ್ತಿದ್ದರಲ್ಲ, ಅದೇ ಲೆಕ್ಕ. ಬಗ್ಗದೆ ಇಳಿಸಬೇಕು, ಬಗ್ಗದೆ ಎತ್ತಿಕೊಳ್ಳಬೇಕು. ಆಂಫಿಥಿಯೇಟರ್ ಹೋಯಿತು. ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಮಾರ್ಚ್

ಹೊಸ ನಕಾಶೆಯನ್ನು ಕಟ್ಟೆಯ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಎಲ್ಲರಿಗೂ ತೋರಿಸಿದೆ. ಜಾಗಕ್ಕೆಲ್ಲ ಶಹಾಬಾದ್ ಫರಸಿ ಅಂತ ಬರೆದಿದ್ದೆ. ತಮ್ಮದೇ ಕಲ್ಲು ಇಟ್ಟುಕೊಂಡ ಆ ಅಜ್ಜ ಬೆರಳಿಟ್ಟು ಓದಿದರು.

"ತಂಗಿ, ಇಲ್ಲೇನ್ ಬರದೀ? ಕಸ ಸುಟ್ಟ ಜಾಗ?"

"ಹೌದ್ರೀ ಅಜ್ಜಾ, ಕರ್ರಗೆ ಆಗೇತಲ್ರೀ."

"ಅದು ಕಸ ಅಲ್ಲ ಯವ್ವಾ. ಕಾಮಣ್ಣನ ಜಾಗ. ನಾ ಸಣ್ಣಾವ ಇದ್ದಾಗಿಂದ ಅಲ್ಲೇ ಸುಡತೇವಿ."

ಕಟ್ಟೆ ತುಂಬ ನಗು. ನಾನು ಈ ಓಣಿಯಲ್ಲೇ ರಜೆ ಕಳೆದವಳು, ಹೋಳಿಯ ಹಲಗಿ ಸದ್ದಿಗೆ ಓಡಿ ಬಂದವಳು. ಹುಬ್ಬಳ್ಳಿಯಲ್ಲಿ ರಂಗಪಂಚಮಿ ಎಷ್ಟು ಜೋರು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಟೇಪು ಕೈಗೆ ಬಂದ ಕೂಡಲೇ ಅದು ಕಸ ಆಯಿತು ನೋಡಿ.

ಫರಸಿ ಬಗ್ಗೆಯೂ ಅವರೇ ಹೇಳಿದ್ದು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರ ಮೇಲೆ ನೇರ ಬೆಂಕಿ ಹಾಕಿದರೆ ಪಟ್ ಅಂತ ಸಿಡಿದು ಪದರ ಏಳುತ್ತದೆ. ನಂಬಿಕೆ ಬರಲಿಲ್ಲ. ಒಂದು ಚೂರು ತಂದು ಅಜ್ಜಿಯ ನೀರೊಲೆಯಲ್ಲಿ ಇಟ್ಟೆ. ಹತ್ತು ನಿಮಿಷಕ್ಕೆ ಸಿಡಿಯಿತು, ಅಜ್ಜಿ ನನ್ನನ್ನು ಬಚ್ಚಲಿನಿಂದ ಹೊರಗೆ ಹಾಕಿದಳು. ನಕಾಶೆಯಲ್ಲಿ ಆರು ಅಡಿಯ ಒಂದು ಗುಂಡು ಜಾಗ ಮಣ್ಣಾಗಿಯೇ ಉಳಿಯಿತು. ಪಕ್ಕದಲ್ಲಿ ಈಗ ಸರಿಯಾದ ಹೆಸರು ಬರೆದಿದೆ.

ಏಪ್ರಿಲ್

ಅನುಮತಿ, ಸಹಿ, ಅರ್ಜಿ. ಫೈಲು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗಲು ಐದು ವಾರ. ಇದರ ಬಗ್ಗೆ ಬರೆಯಲು ಉತ್ಸಾಹವಿಲ್ಲ. ಓಣಿಯವರು ಪಟ್ಟಿ ಎತ್ತಿ 46 ಸಾವಿರ ಕೂಡಿಸಿದರು. ಕೆಡವುತ್ತಿದ್ದ ಒಂದು ಹಳೇ ಮನೆಯ ಫರಸಿ ಪುಕ್ಕಟೆ ಸಿಕ್ಕಿತು. ಕಾಲು ತಾಗಿ ತಾಗಿ ನುಣುಪಾದ ಕಲ್ಲು, ಹೊಸದಕ್ಕಿಂತ ಚಂದ.

ಕಾಯುವಾಗ ಆಲ್ಡೊ ವಾನ್ ಐಕ್ ಬಗ್ಗೆ ಮತ್ತೆ ಓದಿದೆ. ಯುದ್ಧ ಮುಗಿದ ಮೇಲೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎಲ್ಲೆಲ್ಲೂ ಖಾಲಿ ಬಿದ್ದ ತುಂಡು ಜಾಗಗಳು. ಈ ಡಚ್ ಆರ್ಕಿಟೆಕ್ಟ್ ಆಗಿನ್ನೂ ಮೂವತ್ತು ದಾಟಿರಲಿಲ್ಲ. 1947ರಲ್ಲಿ ಒಂದು ಆಟದ ಜಾಗದಿಂದ ಶುರು ಮಾಡಿ, 1978ರ ಹೊತ್ತಿಗೆ 700ಕ್ಕೂ ಹೆಚ್ಚು ಮಾಡಿದರು. ಮರಳಿನ ಹೊಂಡ, ಅದರ ಸುತ್ತ ಅಗಲ ಅಂಚು, ಕಬ್ಬಿಣದ ಬಾಗಿದ ಸರಳು, ಹಾರಲು ಗುಂಡು ಕಲ್ಲು. ಜಾರುಬಂಡಿಯಂಥ "ಹೀಗೇ ಆಡು" ಅನ್ನುವ ಸಾಮಾನು ಕಡಿಮೆ. ಆ ಅಂಚಿನ ಮೇಲೆ ಮಕ್ಕಳೂ ಕೂರಬಹುದು, ತಾಯಂದಿರೂ ಕೂರಬಹುದು. ಒಂದೇ ಕಲ್ಲಿಗೆ ಎರಡು ಕೆಲಸ.

ಮೇ

ಅಗೆತ. ನಾನು ಆಸನಕ್ಕೆ ಒಂದೂವರೆ ಅಡಿ ಪಾಯ ತೋರಿಸಿದ್ದೆ. ಗೌಂಡಿ ಕಾಕಾ ನಕಾಶೆ ನೋಡಿದರು, ನೆಲ ನೋಡಿದರು.

"ಮೇಡಂ, ನಿಮ್ಮ ಹಾಳಿ ಮ್ಯಾಲೆ ಎರಿ ಮಲಕ್ಕೊಂಡೈತ್ರಿ. ಇಲ್ಲಿ ಉಸಿರಾಡತೈತಿ."

ಎರಿ ಅಂದರೆ ಕಪ್ಪು ಮಣ್ಣು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕಾಲೇಜಿನಲ್ಲಿ ಇದನ್ನು ಓದಿ ಅಂಕವನ್ನೂ ತಗೊಂಡಿದ್ದೆ. ಮೇ ತಿಂಗಳ ಬಿರುಕಿನಲ್ಲಿ ನನ್ನ 30 ಸೆಂಟಿಮೀಟರ್ ಸ್ಟೀಲ್ ಸ್ಕೇಲು ಪೂರ್ತಿ ಇಳಿಯಿತು. ಮೇಲೆ ಹಿಡಿಯಲು ಉಳಿದದ್ದು ತೂತಿದ್ದ ತುದಿ ಮಾತ್ರ. ಧಾರವಾಡದ ಕಡೆ ಕೆಂಪು ಮಣ್ಣಿನಲ್ಲಿ ಈ ತಾಪತ್ರಯ ಕಡಿಮೆ, ಇಪ್ಪತ್ತು ಕಿಲೋಮೀಟರಿಗೆ ಪಾಯವೇ ಬೇರೆ.

ಆಸನದ ಪಾಯ ಗರಸು ಸಿಗುವವರೆಗೆ ಇಳಿಯಿತು, ಅಂದರೆ ನಾಲ್ಕು ಅಡಿ. ಫರಸಿ ಬರುವ ಕಡೆ ಒಂದು ಅಡಿ ಎರಿ ತೆಗೆದು ಗರಸು ತುಂಬಿದೆವು. ಒಂದೇ ಸಲ ಸುರಿಯಬಾರದು. ಆರು ಇಂಚು ಹಾಕಿ, ನೀರು ಹೊಡೆದು, ದಿಮ್ಮಸು ಹಾಕಿ, ಆಮೇಲೆ ಇನ್ನೊಂದು ಆರು ಇಂಚು. ಆಸನಕ್ಕೂ ಗಿರಣಿ ಗೋಡೆಗೂ ನಡುವೆ ಒಂದು ಇಂಚು ಸಂದು ಬಿಟ್ಟೆವು, ಅದು ಅಲುಗಿದರೆ ಇದನ್ನು ಎಳೆಯಬಾರದು ಅಂತ. 46 ಸಾವಿರದಲ್ಲಿ ಅರ್ಧದಷ್ಟು ಮಣ್ಣಿನೊಳಗೇ ಹೋಯಿತು. ಫೋಟೋದಲ್ಲಿ ಅದೇನೂ ಕಾಣುವುದಿಲ್ಲ.

ಮರದ ಕಡೆ ಒಂದು ಜಗಳ. ಬುಡದವರೆಗೆ ಫರಸಿ ಹಾಕಿದರೆ ಸ್ವಚ್ಛ ಅಂತ ಕೆಲವರು. ಬೇರಿಗೆ ನೀರು, ಗಾಳಿ ಹೋಗುವುದಿಲ್ಲ ಅಂತ ನಾನು. ದಿಲ್ಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು ಅಂದೆ. ಅದಕ್ಕೆ ಯಾರೂ ಬಗ್ಗಲಿಲ್ಲ. "ಬೇವು ಒಣಗಿದ್ರ ನೆಳ್ಳು ಯಾರ ಕೊಡ್ತಾರ?" ಅಂತ ಅಜ್ಜಿ ಒಳಗಿನಿಂದಲೇ ಕೂಗಿದಳು. ಅಲ್ಲಿಗೆ ಮುಗಿಯಿತು.

ಜುಲೈ

ಮಳೆ. ಕೆಸರಿಲ್ಲ, ಅದೊಂದು ಖುಷಿ. ಆದರೆ ನಲ್ಲಿ ಪಕ್ಕ ಅರ್ಧ ಇಂಚು ನೀರು ನಿಲ್ಲುತ್ತಿದೆ. ಕಾಗದದ ಮೇಲೆ ನೂರಕ್ಕೆ ಒಂದರ ಇಳಿಜಾರು ಸರಿಯಾಗಿದೆ. ಹಳೇ ಫರಸಿಯ ದಪ್ಪ ಒಂದೊಂದೂ ಒಂದೊಂದು ಥರ, ನಾನು ಪ್ರತಿ ಕಲ್ಲಿನ ಮೇಲೂ ಲೆವೆಲ್ ಇಟ್ಟು ನೋಡಬೇಕಿತ್ತು. ಆ ದಿನ ಮದುವೆಗೆ ಹೋಗಿದ್ದೆ.

ಸೆಪ್ಟೆಂಬರ್

ಗಣಪತಿ ಬಂದು ಹೋದ. ಪ್ರತಿ ವರ್ಷ ಪೆಂಡಾಲಿನ ಗಳ ನೆಡಲು ಹಾರೆಯಿಂದ ನೆಲ ಅಗೆಯುತ್ತಾರೆ. ಹೊಸ ಫರಸಿಗೂ ಅದೇ ಗತಿ ಆಗುತ್ತಿತ್ತು. ಅದಕ್ಕೆ ಮೇ ತಿಂಗಳಲ್ಲೇ ಮಂಡಳಿಯ ಹುಡುಗರನ್ನು ಕರೆದು, ಗಳ ಎಲ್ಲೆಲ್ಲಿ ಬರುತ್ತದೆ ಅಂತ ಸುಣ್ಣದ ಪುಡಿಯಲ್ಲಿ ಗುರುತು ಹಾಕಿಸಿದ್ದೆ. ಎಂಟು ಕಡೆ ನಾಲ್ಕು ಇಂಚಿನ ಪೈಪು ಎರಡು ಅಡಿ ಆಳಕ್ಕೆ ಹೂತು ಮುಚ್ಚಳ ಹಾಕಿದ್ದೆವು. ಈ ಸಲ ಮುಚ್ಚಳ ತೆಗೆದು ಗಳ ಇಳಿಸಿದರು, ಅರ್ಧ ಗಂಟೆಯ ಕೆಲಸ. ಒಂದು ಪೈಪಿನಲ್ಲಿ ಮಾತ್ರ ಯಾರೋ ಗುಟ್ಕಾ ಚೀಟು ತುಂಬಿದ್ದರು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ಇರುವುದು ಈ ಎಂಟು ತೂತುಗಳ ಬಗ್ಗೆ.

ಸೋತಿದ್ದು ಬೈಕಿನ ವಿಷಯದಲ್ಲಿ. ರಸ್ತೆಗೂ ಜಾಗಕ್ಕೂ ಆರು ಇಂಚು ಎತ್ತರದ ವ್ಯತ್ಯಾಸ ಇದೆ. ಹನ್ನೆರಡಕ್ಕೆ ಒಂದರಂತೆ ಆರು ಅಡಿಯ ಇಳಿಜಾರು ಮಾಡಿದೆವು, ಗಾಲಿಕುರ್ಚಿ ಬರಲಿ ಅಂತ. ಅದರ ಬಾಯಿಗೆ ಕಲ್ಲುಕಂಬ ನೆಟ್ಟರೆ ನಡುವೆ ಮೂರು ಅಡಿಯಾದರೂ ಬಿಡಬೇಕು. ಮೂರು ಅಡಿ ಬಿಟ್ಟರೆ ಬೈಕಿನ ಹ್ಯಾಂಡಲ್ಲೂ ಆರಾಮಾಗಿ ತೂರುತ್ತದೆ. ಗಾಲಿಕುರ್ಚಿಯನ್ನು ಬಿಟ್ಟು ಬೈಕನ್ನು ತಡೆಯುವ ಕಂಬ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಸಂಜೆ ಹೊತ್ತು ಹುಡುಗಿಯರು ಇಳಿಜಾರಿನ ತಲೆಗೇ ಕುಂಟೆಬಿಲ್ಲೆ ಮನೆ ಬರೆದು ಆಡುತ್ತಾರೆ, ಆಗ ಯಾವ ಬೈಕೂ ಒಳಗೆ ಬರುವುದಿಲ್ಲ. ಒಂಬತ್ತು ಗಂಟೆಯ ನಂತರ ಮತ್ತೆ ನಾಲ್ಕೋ ಐದೋ ಸಾಲಾಗಿ ನಿಂತಿರುತ್ತವೆ.

ಡಬ್ಬಿ ಇಡುವ ಕಲ್ಲಿನ ಮೇಲೆ ಬೆಳಿಗ್ಗೆ ಒಬ್ಬರು ಮೆಂತ್ಯ, ಕೊತ್ತಂಬರಿ ಮಾರುತ್ತಾರೆ. ಗಿರಣಿ ಶುರುವಾಗುವ ಹೊತ್ತಿಗೆ ಸೊಪ್ಪು ಖಾಲಿ. ಇದನ್ನು ನಾನು ಯೋಚಿಸಿರಲಿಲ್ಲ.

ಮೊನ್ನೆ ಭಾನುವಾರ ಮತ್ತೆ ಎಣಿಸಿದೆ. ಗೋಡೆ ಹತ್ತಿರದ ಗೆರೆಗಳಲ್ಲಿ ಕೂತ ಗೆರೆಗಳೇ ಜಾಸ್ತಿ. ಕಟ್ಟೆಯ ಮೇಲೆ ಈಗಲೂ ಚುಕ್ಕಿ ಮಾತ್ರ. ಅಜ್ಜಿ ಐದೂವರೆಗೆ ಬಂದು ಡಬ್ಬಿ ಕಲ್ಲಿನ ಪಕ್ಕ ಕೂತಳು. ಕೈಯಲ್ಲಿ ಡಬ್ಬಿ ಇರಲಿಲ್ಲ. ಏಳುವಾಗ ಆ ಎತ್ತರದ ಕಲ್ಲನ್ನು ಹಿಡಿದೇ ಎದ್ದಳು, ಅದರ ಅಂಚು ಅಂಗೈಗೆ ಚುಚ್ಚುತ್ತದಂತೆ.

ಮುಂದಿನ ಭಾನುವಾರ ಗೌಂಡಿ ಕಾಕಾ ಬರುತ್ತಾರೆ. ನಲ್ಲಿ ಪಕ್ಕದ ಮೂರು ಫರಸಿ ಎತ್ತಿ ಕೂರಿಸಬೇಕು, ಆ ಅಂಚು ಉಜ್ಜಿ ಗುಂಡಗೆ ಮಾಡಬೇಕು. ಪಟ್ಟಿಯಲ್ಲಿ ಉಳಿದದ್ದು 1,150 ರೂಪಾಯಿ.