ಬಸಿದ ಕಟ್ಟು ದೊಡ್ಡವರಿಗೆ, ಪಲ್ಯ ಮಗುವಿಗೆ

ಮಗುವಿನ ಕಿಡ್ನಿ ದುರ್ಬಲ ಎಂದು ಗೊತ್ತಾದ ದಿನವೇ ಮನೆಯಲ್ಲಿ ಪಥ್ಯ ಶುರುವಾಗಿಬಿಡುತ್ತದೆ. ಹಿಂದೆ ಅಜ್ಜನಿಗೆ ಬೇಳೆ ಬಿಡಿಸಿ, ಉಪ್ಪು ಬಿಡಿಸಿ, ನೀರು ಅಳೆದು ಕೊಟ್ಟಿರುತ್ತಾರೆ. ಅದೇ ಕಟ್ಟುಪಾಡು ನಾಲ್ಕು ವರ್ಷದ ಮಗುವಿಗೂ ಬರುತ್ತದೆ. ಅಜ್ಜ ಬೆಳೆಯಬೇಕಾಗಿರಲಿಲ್ಲ. ಮಗು ಬೆಳೆಯಬೇಕು.

ಅದಕ್ಕೇ ಮಕ್ಕಳಲ್ಲಿ ಪ್ರೋಟೀನನ್ನು ವಯಸ್ಸಿನ ಅಗತ್ಯಕ್ಕಿಂತ ಕೆಳಗಿಳಿಸುವಂತಿಲ್ಲ. 4ರಿಂದ 10 ವರ್ಷದವರಿಗೆ ದಿನಕ್ಕೆ, ಪ್ರತಿ ಕೆಜಿ ತೂಕಕ್ಕೆ, ಸುಮಾರು 0.9ರಿಂದ 0.95 ಗ್ರಾಂ ಬೇಕು. ಅಂದರೆ 15 ಕೆಜಿಯ ಮಗುವಿಗೆ ಹೆಚ್ಚುಕಡಿಮೆ 14 ಗ್ರಾಂ. ಡಯಾಲಿಸಿಸ್ ನಡೆಯುತ್ತಿದ್ದರೆ ಇನ್ನಷ್ಟು ಬೇಕು, ಏಕೆಂದರೆ ಅದರಲ್ಲಿ ಒಂದಿಷ್ಟು ಪ್ರೋಟೀನ್ ಸೋರಿಹೋಗುತ್ತದೆ. ಕ್ಯಾಲೊರಿ ಸಾಲದಿದ್ದರೆ ಈ ಲೆಕ್ಕವೆಲ್ಲ ವ್ಯರ್ಥ: ದೇಹ ಪ್ರೋಟೀನನ್ನೇ ಉರಿಸಿಕೊಳ್ಳುತ್ತದೆ, ರಕ್ತದಲ್ಲಿ ಯೂರಿಯಾ ಎಂಬ ಕಸ ಏರುತ್ತದೆ. ಈ ಮಕ್ಕಳಿಗೆ ಹಸಿವು ಕಡಿಮೆ, ಹಾಗಾಗಿ ತುತ್ತು ಚಿಕ್ಕದಾದರೂ ಶಕ್ತಿ ದಟ್ಟವಾಗಿರಬೇಕು. ಒಂದು ಟೀ ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲೊರಿ ಇದೆ. ಅನ್ನಕ್ಕೆ ಧಾರಾಳವಾಗಿ ಹಾಕಬಹುದು. ಸಬ್ಬಕ್ಕಿ ಗಂಜಿಯೂ ಒಳ್ಳೆಯದು, ಆದರೆ ಸಿಹಿಗೆ ಸಕ್ಕರೆ ಹಾಕಿ. 'ಬೆಲ್ಲ ಆರೋಗ್ಯಕ್ಕೆ ಒಳ್ಳೆಯದು' ಎಂಬ ಮಾತು, ದುರ್ಬಲ ಕಿಡ್ನಿ ಹೊರಹಾಕಲಾಗದೆ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಏರಿರುವ ಮಗುವಿಗೆ ಹೊಂದುವುದಿಲ್ಲ. ಬೆಲ್ಲದಲ್ಲಿ ಅದು ಸಾಕಷ್ಟಿದೆ, ಸಕ್ಕರೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ.

ಉಪ್ಪಿನ ವಿಷಯದಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಬಿ.ಪಿ. ಅಥವಾ ಊತ ಇರುವ ಮಗುವಿಗೆ ಉಪ್ಪು ಇಳಿಸಲೇಬೇಕು. ಆದರೆ ಕಿಡ್ನಿ ಹುಟ್ಟಿನಿಂದಲೇ ಸರಿಯಾಗಿ ರೂಪುಗೊಳ್ಳದ, ಅಥವಾ ಮೂತ್ರದ ದಾರಿಗೆ ತಡೆಯಿದ್ದ ಎಷ್ಟೋ ಮಕ್ಕಳಲ್ಲಿ ಉಪ್ಪೂ ನೀರೂ ಮೂತ್ರದಲ್ಲಿ ಹರಿದುಹೋಗುತ್ತವೆ. ಪದೇಪದೇ ಮೂತ್ರ, ರಾತ್ರಿಯೆಲ್ಲ ದಾಹ. ಇಂಥ ಮಗುವಿಗೆ ಸಪ್ಪೆ ಊಟ ಹಾಕಿ ನೀರು ತಡೆದರೆ ಬೆಳವಣಿಗೆ ನಿಲ್ಲುತ್ತದೆ. ವಾಂತಿಭೇದಿ ಬಂದಾಗ ಪ್ರಾಣಕ್ಕೇ ಅಪಾಯ. ನಮ್ಮ ಮಗು ಯಾವ ಗುಂಪಿನದು ಎಂದು ಡಾಕ್ಟರರನ್ನು ನೇರವಾಗಿ ಕೇಳಿ. ಅಂಗಡಿಯ 'ಕಡಿಮೆ ಸೋಡಿಯಂ' ಉಪ್ಪು ಮಾತ್ರ ಯಾವ ಗುಂಪಿನ ಮಗುವಿಗೂ ಬೇಡ, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ.

ಪೊಟ್ಯಾಸಿಯಂನ ಪಥ್ಯ ಅದು ರಕ್ತದಲ್ಲಿ ಏರಿದ್ದರೆ ಮಾತ್ರ. ಅಳುವ ಮಗುವಿನ ಕೈ ಹಿಂಡಿ ತೆಗೆದ ರಕ್ತದಲ್ಲಿ ಕಣಗಳು ಒಡೆದು ಅಂಕಿ ಸುಳ್ಳೇ ಹೆಚ್ಚಾಗುವುದುಂಟು, ಆಗ ತಡಮಾಡದೆ ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ಮಲಬದ್ಧತೆಯೂ ಪೊಟ್ಯಾಸಿಯಂ ಏರಿಸುತ್ತದೆ. ಇವೆರಡೂ ಅಲ್ಲ ಎಂದಾದರೆ ಅಡುಗೆಮನೆಯ ಕೆಲಸ. ಹಳೇ ಮೈಸೂರು ಕಡೆಯ ಬಸ್ಸಾರು ಇಲ್ಲಿ ಅರ್ಧ ದಾರಿ ತೋರಿಸುತ್ತದೆ. ಸೊಪ್ಪು, ಕಾಳು ಬೇಯಿಸಿ ಬಸಿದಾಗ ಪೊಟ್ಯಾಸಿಯಂನ ದೊಡ್ಡ ಪಾಲು ಬಸಿದ ನೀರಿಗೆ, ಅಂದರೆ ಕಟ್ಟಿಗೆ, ಇಳಿಯುತ್ತದೆ. ಆ ಕಟ್ಟಿನ ಸಾರು ದೊಡ್ಡವರಿಗಿರಲಿ, ಒಗ್ಗರಣೆ ಹಾಕಿದ ಪಲ್ಯ ಮಗುವಿಗೆ ಬರಲಿ. 'ಬೇಳೆ ಭಾರ, ತಿಳಿ ಕಟ್ಟು ಕುಡಿಸಿ' ಎನ್ನುವ ಹಿರಿಯರ ಪ್ರೀತಿಯ ಮಾತು ಇಲ್ಲಿ ತಲೆಕೆಳಗು. ಆಲೂಗಡ್ಡೆಯ ಸಿಪ್ಪೆ ತೆಗೆದು ತೆಳುವಾಗಿ ಹೆಚ್ಚಿ, ಐದು ಪಟ್ಟಾದರೂ ನೀರಿನಲ್ಲಿ ಕುದಿಸಿ ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಬೇಯಿಸಬೇಕು. ಇಡೀ ಗಡ್ಡೆಯನ್ನು ರಾತ್ರಿ ತಣ್ಣೀರಲ್ಲಿ ನೆನೆಸಿಟ್ಟರೆ ಏನೂ ಇಳಿಯುವುದಿಲ್ಲ. ಕುಕ್ಕರಿನಲ್ಲಿ ಬೇಯಿಸಿ ಆ ನೀರನ್ನೇ ಹುಳಿಗೆ ಸುರಿದರೂ ಅಷ್ಟೇ.

ರಾಗಿ ನೋವಿನ ವಿಷಯ. ಸುಣ್ಣದಂಶಕ್ಕೆ ಅದಕ್ಕಿಂತ ಒಳ್ಳೆಯ ಧಾನ್ಯ ನಮ್ಮಲ್ಲಿಲ್ಲ, ಆದರೆ 100 ಗ್ರಾಂ ರಾಗಿಯಲ್ಲಿ ಪೊಟ್ಯಾಸಿಯಂ 400 ಮಿ.ಗ್ರಾಂ ದಾಟುತ್ತದೆ, ಪಾಲಿಶ್ ಅಕ್ಕಿಯಲ್ಲಿ ಸುಮಾರು 100. ಮುದ್ದೆಯನ್ನು ಬಸಿಯಲಿಕ್ಕೂ ಆಗದು. ಅಂಕಿ ಇಳಿಯುವವರೆಗೆ ಅನ್ನ, ಆಮೇಲೆ ಪುಟ್ಟ ಮುದ್ದೆ. ಎಳನೀರು ಆ ದಿನಗಳಲ್ಲಿ ಖಂಡಿತ ಬೇಡ. ಕರಾವಳಿಯವರು ಧಾರೆಹುಳಿ (ಸ್ಟಾರ್ ಫ್ರೂಟ್), ಬಿಂಬುಳಿಗಳನ್ನು ಮಗುವಿನ ತಟ್ಟೆಗೆ ಎಂದೂ ಹಾಕಬಾರದು. ಬಿಂಬುಳಿ ರಸದಲ್ಲಿರುವ ಆಕ್ಸಲೇಟ್ ಎಂಬ ಅಂಶ ಆರೋಗ್ಯವಂತರ ಕಿಡ್ನಿಯನ್ನೇ ಕೆಡಿಸಿದ್ದಿದೆ, ಧಾರೆಹುಳಿ ಕಿಡ್ನಿ ರೋಗಿಗಳಲ್ಲಿ ಬಿಡದ ಬಿಕ್ಕಳಿಕೆ, ಫಿಟ್ಸ್ ತರುತ್ತದೆ.

ಇನ್ನು ರಂಜಕ, ಅಂದರೆ ಫಾಸ್ಫರಸ್. ಬೇಳೆಕಾಳಿನದರಲ್ಲಿ ಅರ್ಧವೂ ಮೈಗೆ ಹತ್ತುವುದಿಲ್ಲ. ಪ್ಯಾಕೆಟ್ ತಿಂಡಿಗೆ ಬೆರೆಸಿದ ಫಾಸ್ಫೇಟ್ ಬಹುಪಾಲು ಹತ್ತುತ್ತದೆ. ಲೇಬಲ್ಲಿನಲ್ಲಿ 338ರಿಂದ 341, 450ರಿಂದ 452 ಸಂಖ್ಯೆಗಳಿದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ. ಮೊಟ್ಟೆ ತಿನ್ನುವ ಮನೆಯಾದರೆ ಒಂದು ಬಿಳಿ ಭಾಗ 3.5 ಗ್ರಾಂ ಪ್ರೋಟೀನ್ ಕೊಡುತ್ತದೆ, ರಂಜಕ ಹೆಚ್ಚುಕಡಿಮೆ ಇಲ್ಲ. ರಂಜಕ ಹಿಡಿಯಲು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಯನ್ನು ತುತ್ತಿನ ಜೊತೆಗೇ ಕೊಡಬೇಕು. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಹಿಡಿಯಲು ಅಲ್ಲಿ ರಂಜಕವೇ ಇರುವುದಿಲ್ಲ, ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ಮಗು ಮಧ್ಯಾಹ್ನ ಶಾಲೆಯಲ್ಲೇ ಉಣ್ಣುವುದಾದರೆ ಮಾತ್ರೆಯೂ ಟಿಫಿನ್ ಡಬ್ಬಿಯ ಜೊತೆ ಟೀಚರ್ ಕೈಗೆ ಹೋಗಬೇಕು.