ಬೇಸಿಗೆ ಶಿಬಿರಕ್ಕೂ ಈಜು ತಂಡಕ್ಕೂ ನಡುವಿನ ತಿಂಗಳುಗಳು

ಬೆಂಗಳೂರಿನ ಈಜುಕೊಳಗಳಲ್ಲಿ ಬೇಸಿಗೆ ಶಿಬಿರಗಳು ಮುಗಿಯುತ್ತ ಬಂದಂತೆ, ಅದು ಬಸವನಗುಡಿಯ ಕೊಳವಿರಲಿ, ಸದಾಶಿವನಗರದ್ದಿರಲಿ, ಪೋಷಕರು ಪರಸ್ಪರ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಮಗುವಿಗೆ ಈಜು ಬಂದಿತಲ್ಲ, ಇನ್ನು ತಂಡಕ್ಕೆ ಸೇರಿಸಬಹುದೇ? ಶಿಬಿರದ ಕೊನೆಯ ದಿನ ಮಗು 25 ಮೀಟರ್ ದಾಟಿ, ಪ್ರಮಾಣಪತ್ರ ಹಿಡಿದು ನಿಂತ ಮೇಲೆ ಹಾಗೆ ಅನ್ನಿಸುವುದು ಸಹಜವೇ. ಮಗಳು ತಂಡದಲ್ಲಿ ಈಜುತ್ತಿದ್ದು, ಅವಳ ತಮ್ಮನನ್ನು ಈಗ ಅದಕ್ಕೆ ಸಿದ್ಧಗೊಳಿಸುತ್ತಿರುವ ತಾಯಿಯಾಗಿ ನಾನು ಕಂಡುಕೊಂಡಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಸೇರುವ ಮೊದಲು ಮಗುವಿಗೆ ವೇಗ ಬೇಕಾಗಿಲ್ಲ, ಅದನ್ನು ಕಲಿಸುವುದಕ್ಕೇ ತಂಡವಿದೆ. ಬೇಕಾಗಿರುವುದು ನೀರಿನಲ್ಲಿ ಗಾಬರಿಯಿಲ್ಲದ ಉಸಿರಾಟ, ಹೇಳಿದ್ದನ್ನು ಕೇಳಿಸಿಕೊಂಡು ಹಾಗೆಯೇ ಮಾಡುವ ರೂಢಿ ಮತ್ತು ತನ್ನ ವಸ್ತುಗಳನ್ನು ತಾನೇ ನೋಡಿಕೊಳ್ಳುವಷ್ಟು ಜಾಣತನ. ಇವು ಮೂರನ್ನೂ ಬಹುಮಟ್ಟಿಗೆ ಮನೆಯವರೇ ಕಲಿಸಬಹುದು.

ಉಸಿರಾಟದ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಮಕ್ಕಳು ಎಡವುವುದು ಇಲ್ಲಿಯೇ. ಶಿಬಿರದಲ್ಲಿ 25 ಮೀಟರ್ ಮುಗಿಸಿದ ಎಷ್ಟೋ ಮಕ್ಕಳು ಆ ದೂರದ ಬಹುಪಾಲನ್ನು ಉಸಿರು ಬಿಗಿಹಿಡಿದೇ ಈಜಿರುತ್ತಾರೆ. ತಲೆಯನ್ನು ನೀರಿನಿಂದ ಎತ್ತಿದಾಗ ಉಸಿರು ಬಿಡುವುದಕ್ಕೂ ಎಳೆದುಕೊಳ್ಳುವುದಕ್ಕೂ ಒಟ್ಟಿಗೇ ಹೆಣಗುವುದರಿಂದ ಎರಡೂ ಅರ್ಧಂಬರ್ಧವಾಗುತ್ತವೆ. ಎದೆಯಲ್ಲಿ ಇಂಗಾಲದ ಡೈಆಕ್ಸೈಡ್ ಉಳಿದಷ್ಟೂ ಉಸಿರಿಗಾಗಿ ಚಡಪಡಿಕೆ ಹೆಚ್ಚುತ್ತದೆ. ಮಗುವಿಗೆ ದಮ್ಮು ಸಾಲದೆಂದು ನಾವು ಅಂದುಕೊಳ್ಳುತ್ತೇವೆ, ಆದರೆ ನಿಜವಾಗಿ ಅದು ಉಸಿರನ್ನು ಹೊರಗೇ ಬಿಟ್ಟಿರುವುದಿಲ್ಲ. ಮುಖ ನೀರಿನೊಳಗಿದ್ದಷ್ಟು ಹೊತ್ತೂ ಮೂಗು ಬಾಯಿಗಳಿಂದ ನಿಧಾನವಾಗಿ ಗುಳ್ಳೆ ಬಿಡುತ್ತಿರುವುದು, ತಲೆ ಹೊರಳಿಸಿದಾಗ ಬರೀ ಎಳೆದುಕೊಳ್ಳುವುದು, ಈ ಎರಡು ಕೆಲಸಗಳನ್ನು ಬೇರ್ಪಡಿಸಿದರೆ ಈಜು ಅರ್ಧ ಸುಧಾರಿಸಿದಂತೆಯೇ. ಇದಕ್ಕೆ ಕೊಳವೇ ಬೇಕೆಂದಿಲ್ಲ. ಹಿರಿಯರೊಬ್ಬರು ಪಕ್ಕದಲ್ಲಿಯೇ ನಿಂತಿದ್ದರೆ, ಸ್ನಾನದ ಮನೆಯಲ್ಲಿ ಬೋಗುಣಿಯ ನೀರಿಗೆ ಮುಖವಿಟ್ಟು ಗುಳ್ಳೆ ಬಿಡುವ ಆಟ ಆಡಿಸಬಹುದು. ಮಗು ಸಿದ್ಧವಾಗಿದೆಯೇ ಎಂದು ತಿಳಿಯಲು ನಾನು ನೋಡುವುದು ಇಷ್ಟು: 50 ಮೀಟರ್‌ಗಳನ್ನು ಎಷ್ಟೇ ನಿಧಾನವಾಗಿಯಾದರೂ ಈಜಿ ಗೋಡೆ ಹಿಡಿದ ಮೇಲೆ, ಅದು ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಮಾತನಾಡಬಲ್ಲದೇ? ಬೆನ್ನ ಮೇಲೆ ಕೈಕಾಲು ಚಾಚಿ, ಯಾರೂ ಹಿಡಿಯದೆ, ಒಂದು ನಿಮಿಷ ಸುಮ್ಮನೆ ತೇಲಬಲ್ಲದೇ? ಇವೆರಡೂ ಆಗುವುದಾದರೆ ಕೋಚ್ ಬಳಿ ಮಾತನಾಡಬಹುದು.

ಇಲ್ಲೊಂದು ಎಚ್ಚರಿಕೆಯನ್ನು ಸೇರಿಸಲೇಬೇಕು. ನೀರಿನೊಳಗೆ ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆಂಬ ಪಂದ್ಯವನ್ನು ಮಕ್ಕಳು ತಾವಾಗಿಯೇ ಹೂಡಿಕೊಳ್ಳುತ್ತಾರೆ, ಕೆಲವೊಮ್ಮೆ ದೊಡ್ಡವರೂ ಹುರಿದುಂಬಿಸುತ್ತಾರೆ. ಮುಳುಗುವ ಮೊದಲು ಬೇಗಬೇಗನೆ ದೀರ್ಘವಾಗಿ ಉಸಿರೆಳೆದು ಬಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು, ಮೇಲೆ ಬರಬೇಕೆಂಬ ದೇಹದ ಸೂಚನೆ ತಡವಾಗುತ್ತದೆ. ಅಷ್ಟರಲ್ಲಿ ಆಮ್ಲಜನಕ ಕಡಿಮೆಯಾಗಿ, ಚೆನ್ನಾಗಿ ಈಜಬಲ್ಲವರೂ ಸದ್ದಿಲ್ಲದೆ ಪ್ರಜ್ಞೆ ತಪ್ಪಬಹುದು. ಈ ಆಟವನ್ನು ಮನೆಯಲ್ಲಿಯೇ ಖಡಾಖಂಡಿತವಾಗಿ ನಿಷೇಧಿಸುವುದು ಒಳ್ಳೆಯದು.

ನೀರಿಗೆ ಹೆದರುವ ಮಗು ತಂಡಕ್ಕೆ ತಕ್ಕದ್ದಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಐದರ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗುವ ಅಪಾಯದಿಂದ ಪಾರಾದ ನಿಶಾ ಮಿಲೆಟ್ ಅವರು ಮುಂದೆ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದರು. ಅದೇ ಸ್ಪರ್ಧೆಯಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬೆಂಗಳೂರಿನಿಂದ ಹೋದ ಧಿನಿಧಿ ದೇಸಿಂಘು 14 ವರ್ಷದವಳಾಗಿದ್ದು, ಭಾರತದ ತಂಡದಲ್ಲೇ ಅತ್ಯಂತ ಕಿರಿಯಳಾಗಿದ್ದಳು. ಮೊದಮೊದಲು ನೀರೆಂದರೆ ತನಗೆ ಇಷ್ಟವೇ ಇರಲಿಲ್ಲವೆಂದು ಅವಳೇ ಹೇಳಿಕೊಂಡಿದ್ದಾಳೆ. ಹೆದರುವ ಮಗುವಿಗೆ ಕಾಲಾವಕಾಶ ಬೇಕು, ಅಷ್ಟೇ. ಅದನ್ನು ಹಿಂದಿನಿಂದ ನೂಕಿದರೆ ಆ ಕಾಲಾವಕಾಶ ಇಮ್ಮಡಿಯಾಗುತ್ತದೆ.

ಇದಕ್ಕೆ ಎದುರಾದ ಸಮಸ್ಯೆ ಊರಿನ ಕೆರೆ ಬಾವಿಗಳಲ್ಲಿ ಈಜು ಕಲಿತು ಬಂದ ಮಕ್ಕಳದು. ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಸೋದರಮಾವನ ಕಣ್ಣೆದುರು ಬಾವಿಗಿಳಿದ ಮಗುವಿಗೆ ಭಯವೆಂಬುದೇ ಇರುವುದಿಲ್ಲ, ಆದರೆ ತಲೆಯನ್ನು ಸದಾ ಮೇಲೆತ್ತಿಕೊಂಡು ಈಜುವುದು ಅದಕ್ಕೆ ರೂಢಿಯಾಗಿರುತ್ತದೆ. ತಲೆ ಎತ್ತಿದರೆ ಸೊಂಟ ಮತ್ತು ಕಾಲು ಕೆಳಗಿಳಿದು, ನೀರನ್ನು ಸೀಳಬೇಕಾದ ದೇಹ ನೀರನ್ನು ತಳ್ಳತೊಡಗುತ್ತದೆ. ಇಂತಹ ಮಕ್ಕಳ ಧೈರ್ಯವನ್ನು ಹಾಗೆಯೇ ಉಳಿಸಿಕೊಂಡು ತಲೆಯನ್ನು ಮಾತ್ರ ಇಳಿಸುವುದು ಕೋಚ್‌ಗಳಿಗೂ ತಾಳ್ಮೆಯ ಕೆಲಸ.

ಶಿಬಿರದಲ್ಲಿ ಮಗು ಕಿಕ್‌ಬೋರ್ಡ್ ಹಿಡಿದು ಕೊಳದ ಒಂದು ಮೂಲೆಯಲ್ಲಿರುತ್ತದೆ. ತಂಡದಲ್ಲಿಯೋ, ಒಂದೇ ಲೇನ್‌ನಲ್ಲಿ ಹಲವು ಮಕ್ಕಳು ಒಬ್ಬರ ಹಿಂದೆ ಒಬ್ಬರಂತೆ ಈಜುತ್ತಾರೆ. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು ಬದಿ ಹಿಡಿಯಬೇಕು, ಮುಂದಿನವರು ಹೊರಟು ಕೆಲವು ಸೆಕೆಂಡುಗಳಾದ ಮೇಲೆ ಹೊರಡಬೇಕು, ಗಾಗಲ್ಸ್‌ಗೆ ನೀರು ತುಂಬಿದರೂ ಮಧ್ಯದಲ್ಲಿ ನಿಲ್ಲದೆ ಗೋಡೆಯವರೆಗೆ ಹೋಗಬೇಕು, ಗೋಡೆ ಮುಟ್ಟಿದ ಮೇಲೆ ಹಿಂದೆ ಬರುವವರಿಗಾಗಿ ಪಕ್ಕಕ್ಕೆ ಸರಿಯಬೇಕು. ಮಗುವಿಗೆ ಇದನ್ನೆಲ್ಲ ಮೊದಲೇ ಹೇಳಿ, ಗ್ಯಾಲರಿಯಲ್ಲಿ ಕೂರಿಸಿ ಒಂದೆರಡು ಸಂಜೆ ತೋರಿಸಿದರೆ ಮೊದಲ ವಾರದ ಗೊಂದಲ ಬಹಳ ಕಡಿಮೆಯಾಗುತ್ತದೆ. ಇನ್ನೊಂದು, ಯಾರೂ ಹೇಳದ ಸಂಗತಿ: ಗಡಿಯಾರ. ಕೊಳದ ಬದಿಯಲ್ಲಿ ಅರವತ್ತು ಸೆಕೆಂಡುಗಳ ದೊಡ್ಡ ಮುಳ್ಳಿನ ಗಡಿಯಾರವೊಂದಿದ್ದು, ಅಭ್ಯಾಸ ನಡೆಯುವುದು ಅದರ ಮೇಲೆಯೇ. ‘ನಾಲ್ಕು ಸಲ 50, ಒಂದೂವರೆ ನಿಮಿಷಕ್ಕೊಂದು’ ಎಂದು ಕೋಚ್ ಹೇಳಿದರೆ, ಮುಳ್ಳು ಮೇಲಿದ್ದಾಗ ಹೊರಟ ಮಗು ಮುಂದಿನ ಸಲ ಅದು ಕೆಳಗೆ ಮೂವತ್ತರ ಬಳಿ ಬಂದಾಗ ಹೊರಡಬೇಕು, ಅದರ ಮುಂದಿನ ಸಲ ಮತ್ತೆ ಮೇಲೆ. ಫೋನಿನ ಅಂಕಿಗಳಲ್ಲಷ್ಟೇ ಗಂಟೆ ನೋಡಿ ಬೆಳೆದ ಮಕ್ಕಳಿಗೆ ಈ ಲೆಕ್ಕ ತೋಚುವುದಿಲ್ಲ. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳನ್ನು ನೋಡಿಕೊಂಡು ಹಾಲ್‌ನ ಈ ತುದಿಯಿಂದ ಆ ತುದಿಗೆ ಓಡುವ ಆಟ ನಮ್ಮ ಮನೆಯಲ್ಲಿ ಈಗಲೂ ನಡೆಯುತ್ತಿದೆ. ಕೆಳಗಿನ ಮನೆಯವರು ಇನ್ನೂ ದೂರು ಕೊಟ್ಟಿಲ್ಲ.

ಡೈವ್ ಹೊಡೆಯುವುದನ್ನು ಮಾತ್ರ ಮನೆಯವರು ಕಲಿಸಲು ಹೋಗಬಾರದು. ಸ್ಟಾರ್ಟಿಂಗ್ ಬ್ಲಾಕ್, ಅಂದರೆ ಸ್ಪರ್ಧಿಗಳು ಹತ್ತಿ ನಿಂತು ನೀರಿಗೆ ಹಾರುವ ಕಟ್ಟೆ, ಇರುವ ತುದಿಯಲ್ಲಿ ನೀರು ಕನಿಷ್ಠ 1.35 ಮೀಟರ್ ಆಳವಿರಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಅಪಾರ್ಟ್‌ಮೆಂಟ್‌ಗಳ ಕೊಳಗಳಲ್ಲಿ ಮಕ್ಕಳು ತಲೆಕೆಳಗಾಗಿ ಹಾರುವ ಜಾಗ ಎಷ್ಟೋ ಕಡೆ ಅಷ್ಟು ಆಳವಿರುವುದಿಲ್ಲ, ಮತ್ತು ತಲೆ ತಳಕ್ಕೆ ಬಡಿದರೆ ಕುತ್ತಿಗೆಗೆ ಆಗುವ ಪೆಟ್ಟು ಜೀವನಪರ್ಯಂತದ್ದಾಗಬಹುದು. ಎತ್ತರದಿಂದ ಹಾರಿ ಪಲ್ಟಿ ಹೊಡೆಯುವ ಡೈವಿಂಗ್ ಕ್ರೀಡೆಯ ಮೇಲೆ ಆಸೆಯಿರುವ ಮಗುವಿಗೆ ಮೊದಲು ಜಿಮ್ನಾಸ್ಟಿಕ್ಸ್ ಕಲಿಸುವುದು ಉಪಯುಕ್ತ.

ಇನ್ನು ಚೀಲದ ವಿಷಯ. ಮಗು ತಾನೇ ಬಟ್ಟೆ ಬದಲಾಯಿಸಿಕೊಂಡು, ಕ್ಯಾಪ್ ಹಾಕಿಕೊಂಡು, ಗಾಗಲ್ಸ್‌ನ ಪಟ್ಟಿ ಸರಿಮಾಡಿಕೊಳ್ಳುವಂತಿರಬೇಕು, ಏಕೆಂದರೆ ಕೊಳದ ಅಂಚಿಗೆ ಪೋಷಕರನ್ನು ಬಿಡುವುದಿಲ್ಲ, ಬಿಡಲೂಬಾರದು. ಕಾಲ್ಗೆಜ್ಜೆ, ಕೈದಾರ, ತೂಗುವ ಓಲೆಗಳನ್ನು ಮನೆಯಲ್ಲೇ ಬಿಚ್ಚಿಡಬೇಕು. ಉಡಿದಾರ ತೆಗೆಯಲು ಹಿರಿಯರು ಒಪ್ಪದಿದ್ದರೆ ಉಡುಪಿನೊಳಗೆ ಬಿಗಿಯಾಗಿ ಸೇರಿಸಿದರೆ ಸಾಕು. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಕಳುಹಿಸುವುದು ಬೇಡ, ಕ್ಯಾಪ್ ಜಾರುತ್ತದೆ, ಕೊಳದ ನೀರೂ ಕೆಡುತ್ತದೆ. ಬದಲಿಗೆ ಕೂದಲನ್ನು ಶುದ್ಧ ನೀರಿನಿಂದ ಚೆನ್ನಾಗಿ ತೋಯಿಸಿದರೆ ಅದು ಹೀರಿಕೊಳ್ಳುವ ಕ್ಲೋರಿನ್ ನೀರು ಕಡಿಮೆಯಾಗುತ್ತದೆ. ಇಳಿಯುವ ಮೊದಲು ಸ್ನಾನ ಮತ್ತು ಶೌಚಾಲಯ, ಇವೆರಡರಲ್ಲಿ ರಿಯಾಯಿತಿಯಿಲ್ಲ. ಕಣ್ಣು ಉರಿಸುವ, ಮೂಗಿಗೆ ಅಡರುವ ಆ ವಾಸನೆ ಕ್ಲೋರಿನ್ ಹೆಚ್ಚಾದದ್ದರಿಂದ ಬರುತ್ತದೆಂದು ಎಲ್ಲರೂ ನಂಬಿದ್ದಾರೆ. ವಾಸ್ತವದಲ್ಲಿ ಬೆವರು ಮತ್ತು ಮೂತ್ರದೊಡನೆ ಕ್ಲೋರಿನ್ ಸೇರಿ ಉಂಟಾಗುವ ಕ್ಲೋರಮೈನ್‌ಗಳ ವಾಸನೆಯದು.

ಹೆಣ್ಣುಮಕ್ಕಳ ಉಡುಪಿನ ಬಗ್ಗೆ ಅಜ್ಜಿಯರ ಆಕ್ಷೇಪ ಬಂದರೆ ಒಂದು ಮಾಹಿತಿ ಕೆಲಸಕ್ಕೆ ಬರಬಹುದು. ಸ್ಪರ್ಧೆಯ ಉಡುಪು ಹೆಗಲಿನಿಂದ ಮೊಣಕಾಲಿನವರೆಗೆ ಇರಲು ನಿಯಮವೇ ಅವಕಾಶ ಕೊಡುತ್ತದೆ, ಅಂಥವು ಅಂಗಡಿಗಳಲ್ಲಿ ಸಿಗುತ್ತವೆ, ಮತ್ತು ಹೆಚ್ಚಿನ ಹುಡುಗಿಯರು ತೊಡುವುದೂ ಅವನ್ನೇ. ನಮ್ಮ ಅತ್ತೆಯವರ ಅಸಮಾಧಾನ ಅಲ್ಲಿಗೆ ಅರ್ಧ ಇಳಿಯಿತು. ಉಳಿದರ್ಧ ಮೊಮ್ಮಗಳ ಬಣ್ಣ ಕಪ್ಪಾಗುವ ಬಗ್ಗೆ, ಅದಕ್ಕೆ ನಾನು ಉತ್ತರ ಕೊಡಲು ಹೋಗಿಲ್ಲ.

ನಿದ್ರೆ ಮತ್ತು ಚಳಿ, ಇವೆರಡೂ ಮಗುವಿಗಿಂತ ಮನೆಯ ದಿನಚರಿಯನ್ನು ಪರೀಕ್ಷಿಸುತ್ತವೆ. ನಸುಕಿನ ಬ್ಯಾಚ್‌ಗೆ ಹೋಗುವ ಮಗು ರಾತ್ರಿ ಒಂಬತ್ತಕ್ಕೆ ಮಲಗಲೇಬೇಕು, ಅಂದರೆ ಇಡೀ ಮನೆಯ ಊಟದ ಸಮಯ ಹಿಂದಕ್ಕೆ ಸರಿಯಬೇಕು. ತಂಡಕ್ಕೆ ಸೇರಿಸುವ ಒಂದು ತಿಂಗಳು ಮೊದಲೇ ಇದನ್ನು ಆರಂಭಿಸಿ ನೋಡಿದರೆ ಮನೆಗೆ ಸಾಧ್ಯವೇ ಎಂಬುದು ತಿಳಿಯುತ್ತದೆ. ಸಾಧ್ಯವಾಗದಿದ್ದರೆ ಸಂಜೆಯ ಬ್ಯಾಚ್ ಇರುವ ಕೊಳ ಹುಡುಕುವುದೇ ಸರಿ. ಹೊರಡುವ ಮೊದಲು ಅರ್ಧ ಬಾಳೆಹಣ್ಣು, ಬಂದ ಮೇಲೆ ಮೊಟ್ಟೆಯೋ ದೋಸೆಯೋ ಹೊಟ್ಟೆ ತುಂಬ. ಪೇಟೆಯ ಪುಡಿಗಳ ಅಗತ್ಯ ಈ ವಯಸ್ಸಿಗೆ ನನಗಂತೂ ಕಂಡಿಲ್ಲ. ಚಳಿಯ ವಿಷಯದಲ್ಲಿ, ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚಿರುವುದರಿಂದ ಮಕ್ಕಳು ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತಾರೆ. ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ನಿಯಮವಿದ್ದರೂ, ಡಿಸೆಂಬರ್ ಜನವರಿಗಳಲ್ಲಿ ಬೆಂಗಳೂರಿನ ತೆರೆದ ಕೊಳಗಳು ಅದಕ್ಕಿಂತ ತಣ್ಣಗಿರುತ್ತವೆ. ತುಟಿ ನೀಲಿಗಟ್ಟಿದರೆ ತಾನೇ ಹೊರಗೆ ಬಂದು ಕೋಚ್‌ಗೆ ಹೇಳಬೇಕೆಂದು ಮಗುವಿಗೆ ಕಲಿಸಿರಬೇಕು, ಹೇಳುವುದು ಅವಮಾನವಲ್ಲವೆಂದೂ. ಆಸ್ತಮಾ ಅಥವಾ ಪದೇ ಪದೇ ಕಿವಿ ಸೋರುವ ತೊಂದರೆಯಿದ್ದರೆ ಸೇರುವ ಮೊದಲೇ ವೈದ್ಯರನ್ನು ಕಾಣುವುದು ಅಗತ್ಯ.

ಪೋಷಕರ ಕೈಯಲ್ಲಿ ಸ್ಟಾಪ್‌ವಾಚ್ ಇರಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಎಂಟು ಒಂಬತ್ತರ ವಯಸ್ಸಿನಲ್ಲಿ ಯಾರು ಮುಂದಿದ್ದಾರೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಯಾರು ಬೇಗ ಎತ್ತರವಾದರು ಎಂಬುದು. ಆ ವ್ಯತ್ಯಾಸ ಮುಂದೆ ಅಳಿಸಿಹೋಗುತ್ತದೆ, ಆದರೆ ಅಷ್ಟರಲ್ಲಿ ಅಪ್ಪ ಅಮ್ಮಂದಿರ ಹೋಲಿಕೆಗೆ ಬೇಸತ್ತು ಬಿಟ್ಟುಹೋದ ಮಕ್ಕಳು ಹಿಂತಿರುಗುವುದಿಲ್ಲ. ಮನೆಗೆ ಬರುವಾಗ ಕಾರಿನಲ್ಲಿ ತಂತ್ರದ ಪಾಠ ಮಾಡುವುದೂ ಬೇಡ. ಕೋಚ್ ಒಂದು ಹೇಳಿ ಅಪ್ಪ ಇನ್ನೊಂದು ಹೇಳಿದರೆ ಮಗು ಇಬ್ಬರ ಮಾತನ್ನೂ ಬಿಡುತ್ತದೆ.

ಮೊದಲ ಸ್ಪರ್ಧೆ ಸಾಮಾನ್ಯವಾಗಿ ಶಾಲಾ ಅಥವಾ ಕ್ಲಬ್ ಮಟ್ಟದ್ದಾಗಿರುತ್ತದೆ, ಅದಕ್ಕೆ ವಯಸ್ಸಿನ ದಾಖಲೆಯಾಗಿ ಜನನ ಪ್ರಮಾಣಪತ್ರ ಕೇಳುತ್ತಾರೆ. ಅಲ್ಲಿ ಚಿಕ್ಕ ಮಕ್ಕಳು ಅನರ್ಹರಾಗುವುದು ಹೆಚ್ಚಾಗಿ ನಿಯಮ ಗೊತ್ತಿಲ್ಲದೆ, ಆದ್ದರಿಂದ ಕೆಲವನ್ನು ಮೊದಲೇ ತಿಳಿಸಿರಬೇಕು. ಉದ್ದನೆಯ ಸೀಟಿ ಕೇಳಿದಾಗ ಬ್ಲಾಕ್ ಹತ್ತಬೇಕು, ಬ್ಯಾಕ್‌ಸ್ಟ್ರೋಕ್ ಆದರೆ ನೀರಿಗಿಳಿಯಬೇಕು. ‘ಟೇಕ್ ಯುವರ್ ಮಾರ್ಕ್ಸ್’ ಎಂದ ಮೇಲೆ ಅಲುಗಾಡದೆ ನಿಂತು, ಸಂಕೇತ ಕೇಳುವವರೆಗೆ ಕಾಯಬೇಕು. ಮೊದಲೇ ಹಾರಿದರೆ ಎರಡನೆಯ ಅವಕಾಶವಿಲ್ಲ. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈಗಳಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಬೇಕು, ಬ್ಯಾಕ್‌ಸ್ಟ್ರೋಕ್ ಅನ್ನು ಬೆನ್ನ ಮೇಲಿದ್ದೇ ಮುಗಿಸಬೇಕು. ಗೋಡೆಗೆ ಐದು ಮೀಟರ್ ಮೊದಲು ಮೇಲೆ ಕಟ್ಟಿರುವ ಬಾವುಟಗಳಿಂದ ಎಷ್ಟು ಕೈ ಬೀಸಿದರೆ ಗೋಡೆ ಸಿಗುತ್ತದೆಂದು ಎಣಿಸಿಕೊಂಡಿದ್ದರೆ ತಲೆ ಬಡಿಯುವುದಿಲ್ಲ. ಫ್ರೀಸ್ಟೈಲ್‌ನಲ್ಲಿ ದಣಿದು ತಳದ ಮೇಲೆ ನಿಂತರೂ ಅನರ್ಹತೆಯಿಲ್ಲ, ನಡೆಯುವಂತಿಲ್ಲ ಮತ್ತು ಲೇನ್‌ನ ಹಗ್ಗ ಹಿಡಿದು ಎಳೆದುಕೊಳ್ಳುವಂತಿಲ್ಲ, ಅಷ್ಟೇ. ಈ ಕೊನೆಯ ನಿಯಮವನ್ನು ಹೇಳಿದ ಮೇಲೆ ನನ್ನ ಮಗನ ಮುಖದಲ್ಲಿ ಕಂಡ ನಿರಾಳ ಬೇರೆ ಯಾವ ಧೈರ್ಯದ ಮಾತಿಗೂ ಕಂಡಿರಲಿಲ್ಲ. ಒಂದು ನಿಮಿಷದ ಸ್ಪರ್ಧೆಗಾಗಿ ಅರ್ಧ ದಿನ ಕಾಯಬೇಕಾಗುವುದರಿಂದ ಎರಡು ಟವೆಲ್, ಇನ್ನೊಂದು ಜೊತೆ ಗಾಗಲ್ಸ್, ಚಪಾತಿ ಮತ್ತು ಒಂದು ಕಟ್ಟು ಇಸ್ಪೀಟ್ ಎಲೆ ಚೀಲದಲ್ಲಿರಲಿ.