ಎಂಟರ ಮಗ್ಗಿಯಲ್ಲಿ ಸಿಕ್ಕಿಬಿದ್ದ 4 ಟಿಬಿ ಡಿಸ್ಕ್

ಡಿಸ್ಕ್ ವಾಪಸ್ ಬಂತು! ಒಂದು ಫೈಲೂ ಹೋಗಿಲ್ಲ, ಫಾರ್ಮ್ಯಾಟ್ ಮಾಡುವ ಪ್ರಮೇಯವೂ ಬರಲಿಲ್ಲ.

ಡಿಸ್ಕನ್ನು ಹೊರಗಿನಿಂದ ಜೋಡಿಸಲು ಬಳಸುವ ಯುಎಸ್‌ಬಿ ಪೆಟ್ಟಿಗೆಯ ಪೋರ್ಟ್ ಲೂಸ್ ಆಗಿತ್ತು. ಕೇಬಲ್ಲನ್ನು ಒಂದು ಕೋನದಲ್ಲಿ ಹಿಡಿದರೆ ಮಾತ್ರ ಡಿಸ್ಕ್ ಕಾಣುತ್ತಿತ್ತು. ಹಾಗಾಗಿ ಪೆಟ್ಟಿಗೆ ಬಿಚ್ಚಿ, ಒಳಗಿನ 4 ಟಿಬಿ ಡಿಸ್ಕನ್ನು ಡೆಸ್ಕ್‌ಟಾಪಿನೊಳಗೆ ಡಿಸ್ಕ್ ಜೋಡಿಸುವ ಸಾಟಾ ಪೋರ್ಟಿಗೇ ಹಾಕಿದೆ. ಬಿಚ್ಚುವ ವಿಧಾನ ನಿಮಗೆಲ್ಲ ಗೊತ್ತಿರುವುದೇ. ಕ್ಲಿಪ್ಪುಗಳು ಮುರಿದವು, ಅವು ಯಾವಾಗಲೂ ಮುರಿಯುತ್ತವೆ.

ಕಂಪ್ಯೂಟರ್ ಶುರುವಾಗುವಾಗ ಓಡುವ ಬಯಾಸ್‌ನಲ್ಲಿ ಡಿಸ್ಕ್ ಸರಿಯಾಗಿಯೇ ಕಾಣಿಸಿತು. ಲಿನಕ್ಸ್‌ನಲ್ಲಿ ಮಾತ್ರ ಒಂದು ಪಾರ್ಟಿಷನ್ನೂ (ಡಿಸ್ಕಿನಲ್ಲಿ ಮಾಡಿಟ್ಟ ಭಾಗ) ಇಲ್ಲ. ವಿಂಡೋಸ್ ಕಡೆ ಹೋಗಿ ಫಾರ್ಮ್ಯಾಟ್ ಮಾಡಿಸಿಕೊಳ್ಳುವ ಆಸೆ ನನಗಿರಲಿಲ್ಲ. ಪೆಟ್ಟಿಗೆ ಮಾರಿದವರಿಗೆ ಬರೆದೆ. ‘ಡಿಸ್ಕ್ ಫಾರ್ಮ್ಯಾಟ್ ಮಾಡಿ ಪ್ರಯತ್ನಿಸಿ’ ಎಂದು ಉತ್ತರ ಬಂತು. ಕೆಳಗೆ ಐದು ನಕ್ಷತ್ರ ಕೊಡಿ ಎಂಬ ಕೋರಿಕೆ ಬೇರೆ! ಡೇಟಾ ಇನ್ನೊಂದು ಕಡೆಯೂ ಇತ್ತು, ನಿಜ. ಆದರೆ ಡಿಸ್ಕ್ ಚೆನ್ನಾಗಿದ್ದೂ ಓದಲು ಆಗುತ್ತಿಲ್ಲ ಎಂದರೆ ಸುಮ್ನೆ ಬಿಡಲು ಆಗುತ್ತದಾ?

ಮೊದಲ ಸುಳಿವು ಕೊಟ್ಟದ್ದು ಪಾರ್ಟಿಷನ್ ಪಟ್ಟಿ ತೋರಿಸುವ ಎಫ್‌ಡಿಸ್ಕ್ ಪ್ರೋಗ್ರಾಂ. ಇಇ ಮಾದರಿಯ ಒಂದೇ ಒಂದು ನಮೂದು, ಅಳತೆ 465.8 ಜಿಐಬಿ. ಪಾರ್ಟಿಷನ್ ಪಟ್ಟಿ ಬರೆಯುವ ಹಳೇ ವಿಧಾನ ಎಂಬಿಆರ್, ಹೊಸದು ಜಿಪಿಟಿ. ಸೆಕ್ಟರ್ ಎಂದರೆ ಡಿಸ್ಕ್ ಓದಿ ಬರೆಯುವ ಚಿಕ್ಕ ತುಂಡು. ಇಇ ಎಂದರೆ ಜಿಪಿಟಿ ಡಿಸ್ಕಿನ ಮೊದಲ ಸೆಕ್ಟರ್‌ನಲ್ಲಿ ಕೂರುವ ಕಾವಲು ಎಂಬಿಆರ್. ಹಳೇ ಪ್ರೋಗ್ರಾಂಗಳು ಡಿಸ್ಕ್ ಖಾಲಿ ಇದೆ ಎಂದುಕೊಳ್ಳಬಾರದು ಅಂತ ಅದು ಇಡೀ ಡಿಸ್ಕನ್ನು ತನ್ನದೆಂದು ಹೇಳಿಕೊಳ್ಳುತ್ತದೆ. ಇಲ್ಲಿ ಅದು ಹೇಳುತ್ತಿದ್ದದ್ದು ಸುಮಾರು 500 ಜಿಬಿ (ಜಿಐಬಿ 1024ರ ಲೆಕ್ಕ, ಜಿಬಿ 1000ದ ಲೆಕ್ಕ). 4 ಟಿಬಿಯಲ್ಲಿ ಸರಿಯಾಗಿ ಎಂಟನೇ ಒಂದು ಪಾಲು. ಕೆಟ್ಟ ಡಿಸ್ಕ್ ಇಷ್ಟು ನೀಟಾಗಿ ಭಾಗಾಕಾರ ಮಾಡುವುದಿಲ್ಲ, ಅಲ್ವಾ?

ಡಿಸ್ಕಿನ ಬೈಟುಗಳನ್ನು ಹಾಗೇ ತೋರಿಸುವ ಹೆಕ್ಸ್‌ಡಂಪ್ ತೆಗೆದೆ. ಜಿಪಿಟಿ ಹೆಡರ್ (ಆ ಪಟ್ಟಿಯ ತಲೆಬರಹ) ಇರಬೇಕಾದದ್ದು ಸೆಕ್ಟರ್ 1ರಲ್ಲಿ, ಅಂದರೆ 512ನೇ ಬೈಟ್‌ನಲ್ಲಿ. ಅಲ್ಲಿ ಬರೀ ಸೊನ್ನೆ. ಕೆಳಗೆ ಜಾರಿಸುತ್ತಾ ಹೋದರೆ 4096ನೇ ಬೈಟ್‌ನಲ್ಲಿ ‘ಇಎಫ್‌ಐ ಪಾರ್ಟ್’ ಎಂಬ ಜಿಪಿಟಿಯ ಸಹಿ ಆರಾಮಾಗಿ ಕೂತಿದೆ! ಕೆಲವು ಪೆಟ್ಟಿಗೆಗಳು ತಾವೇ ಡೇಟಾವನ್ನು ಎನ್‌ಕ್ರಿಪ್ಟ್ ಮಾಡುತ್ತವೆ. ಹಾಗಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಹಿ ಓದಲು ಬಂದದ್ದರಿಂದ ಆ ಹೆದರಿಕೆ ಹೋಯಿತು.

ಕಾರಣ ಪೆಟ್ಟಿಗೆಯೊಳಗಿನ ಯುಎಸ್‌ಬಿ-ಸಾಟಾ ಚಿಪ್. ಡಿಸ್ಕ್ ತನ್ನ ಸೆಕ್ಟರ್ 512 ಬೈಟ್ ಎನ್ನುತ್ತದೆ. ಚಿಪ್ ಅದನ್ನು ಕಂಪ್ಯೂಟರಿಗೆ 4096 ಎಂದು ಹೇಳುತ್ತಿತ್ತು. ಈ ಏರ್ಪಾಡು ವಿಂಡೋಸ್ ಎಕ್ಸ್‌ಪಿ ಕಾಲದ್ದು. 32 ಬಿಟ್ ಎಕ್ಸ್‌ಪಿಗೆ ಜಿಪಿಟಿ ಗೊತ್ತಿಲ್ಲ. ಎಂಬಿಆರ್‌ನಲ್ಲಿ ಸೆಕ್ಟರ್ ಎಣಿಕೆಗೆ ಇರುವುದೂ 32 ಬಿಟ್. ಸೆಕ್ಟರ್ 512 ಬೈಟ್ ಆದರೆ 2 ಟಿಐಬಿಗೆ ನಿಲ್ಲುತ್ತದೆ, 4096 ಆದರೆ 16 ಟಿಐಬಿವರೆಗೆ ಹೋಗುತ್ತದೆ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರಲ್ಲಿ. ಅದರ ಋಣ ತೀರಿಸುತ್ತಿರುವವನು ನಾನು. ಪಾರ್ಟಿಷನ್ ಟೇಬಲ್‌ನಲ್ಲಿ ಬೈಟ್ ಲೆಕ್ಕ ಇರುವುದಿಲ್ಲ, ಸೆಕ್ಟರ್ ನಂಬರ್ ಮಾತ್ರ ಇರುತ್ತದೆ. ಗಜದಲ್ಲಿ ಬರೆದ ಅಳತೆಯನ್ನು ಬೇರೆಯವರು ಅಡಿಯಲ್ಲಿ ಓದಿದ ಹಾಗೆ.

ಮೊದಲು ಡಿಸ್ಕಿನ ಆರಂಭದ ಮತ್ತು ಕೊನೆಯ ಕೆಲವು ಎಂಬಿಯನ್ನು ಡಿಡಿ ಎಂಬ ಪ್ರೋಗ್ರಾಂನಿಂದ ಕಾಪಿ ಮಾಡಿಟ್ಟೆ. ಆಮೇಲೆ ಲೋಸೆಟಪ್ ಎಂಬ ಪ್ರೋಗ್ರಾಂಗೆ ಸೆಕ್ಟರ್ ಸೈಜ್ 4096 ಎಂದು ಹೇಳಿ, ರೀಡ್-ಓನ್ಲಿ ಲೂಪ್ ಡಿವೈಸ್ (ಅದೇ ಡಿಸ್ಕನ್ನು ಬೇರೆ ಡಿಸ್ಕಿನಂತೆ ತೋರಿಸುವ ಮುಖವಾಡ) ಮಾಡಿದೆ. ತಕ್ಷಣ ಪಾರ್ಟಿಷನ್ ಕಾಣಿಸಿತು, ಮೌಂಟ್ ಆಗಿ ತೆರೆದುಕೊಂಡಿತು, ಫೋಟೋಗಳೆಲ್ಲ ಬಂದವು. ಕುರ್ಚಿಯಿಂದ ಎದ್ದು ಒಂದು ಸುತ್ತು ಕುಣಿದೆ.

ಆದರೆ ಪ್ರತಿ ಸಲ ಲೂಪ್ ಕಟ್ಟುತ್ತಾ ಕೂರುವುದು ಯಾರಿಗೆ ಬೇಕು? ಜಿಪಿಟಿ ತಿದ್ದುವ ಜಿಡಿಸ್ಕ್‌ನಲ್ಲಿ 512 ಬೈಟ್ ಲೆಕ್ಕದ ಹೊಸ ಜಿಪಿಟಿ ಬರೆಯಲು ಹೊರಟೆ. ಪಾರ್ಟಿಷನ್ ಶುರುವಾಗುವ ಸೆಕ್ಟರ್ ಸುಲಭ: ಹಳೇದು 256, ಎಂಟರಿಂದ ಗುಣಿಸಿದರೆ 2048. ಎರಡೂ 1 ಎಂಐಬಿಯೇ. ತಲೆ ತಿನ್ನುವುದು ಕೊನೆಯ ಸೆಕ್ಟರ್. ಹಳೇ ಟೇಬಲ್‌ನಲ್ಲಿ ಅದು 976754640. ಸೀದಾ ಎಂಟರಿಂದ ಗುಣಿಸಿದರೆ 7814037120. ಅದು ತಪ್ಪು! ಕೊನೆಯ ದೊಡ್ಡ ಸೆಕ್ಟರ್‌ನೊಳಗೆ ಎಂಟು ಚಿಕ್ಕವು ಇವೆ. ಮೊದಲನೆಯದಕ್ಕೇ ನಿಂತರೆ ಫೈಲ್ ಸಿಸ್ಟಮ್‌ಗೆ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ, ನನ್ನದು ಲಿನಕ್ಸ್‌ನ ಇಎಕ್ಸ್‌ಟಿ4) ಒಂದು ಬ್ಲಾಕ್ ಕಮ್ಮಿಯಾಗುತ್ತದೆ, ಇಎಕ್ಸ್‌ಟಿ4 ಮೌಂಟ್ ಆಗಲ್ಲ ಎಂದು ಹಠ ಹಿಡಿಯುತ್ತದೆ. ಒಂದು ಕೂಡಿಸಿ, ಎಂಟರಿಂದ ಗುಣಿಸಿ, ಒಂದು ಕಳೆಯಬೇಕು: 7814037127. 512 ಬೈಟ್ ಲೆಕ್ಕದಲ್ಲಿ ಜಿಪಿಟಿ ಬಿಟ್ಟುಕೊಡುವ ಕೊನೆಯ ಸೆಕ್ಟರ್ 7814037134. ಏಳು ಸೆಕ್ಟರ್ ಅಂತರದಲ್ಲಿ ಬಚಾವ್.

ಬರೆದು, ಫೈಲ್ ಸಿಸ್ಟಮ್ ಮುಟ್ಟದೆ ಬರೀ ಪರೀಕ್ಷಿಸುವ ಹಾಗೆ ಎಫ್‌ಎಸ್‌ಸಿಕೆ ಓಡಿಸಿದೆ. ಕ್ಲೀನ್. ಒಂದು ಮಾತು: ಇದು ಇಎಕ್ಸ್‌ಟಿ4 ಆದ್ದರಿಂದ ನಡೆಯಿತು. ವಿಂಡೋಸ್‌ನ ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರ್‌ನಲ್ಲೂ ಸೆಕ್ಟರ್ ಸೈಜ್ ಬರೆದುಕೊಂಡಿರುತ್ತದೆ. ಅಲ್ಲಿ ಟೇಬಲ್ ಮಾತ್ರ ತಿದ್ದಿದರೆ ಸಾಲದು. ಲೂಪ್‌ನಿಂದ ಡೇಟಾ ಹೊರಗೆ ತೆಗೆದು ಹೊಸದಾಗಿ ಫಾರ್ಮ್ಯಾಟ್ ಮಾಡುವುದೇ ವಾಸಿ.

ಇಷ್ಟೆಲ್ಲ ಸೆಕ್ಟರ್ ಗುಣಿಸಿದ ಮೇಲೆ ಹಲವು ಡಿಸ್ಕ್‌ಗಳ ಜಾಗ ಒಟ್ಟು ಮಾಡಿ ಬೇಕಾದಂತೆ ಹಂಚುವ ಎಲ್‌ವಿಎಂ ಮೇಲೆ ಪ್ರೀತಿ ಬಂದಿದೆ. ಮೂಲೆಯಲ್ಲಿರುವ ಎರಡು ಹಳೇ ಡಿಸ್ಕ್‌ಗಳನ್ನು ಒಂದೇ ವಾಲ್ಯೂಮ್ ಗ್ರೂಪ್‌ಗೆ ಸೇರಿಸಿ, ಬೇಕಾದಾಗ ಲಾಜಿಕಲ್ ವಾಲ್ಯೂಮ್ ಹಿಗ್ಗಿಸುವ ಯೋಚನೆ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಹಾಕಿದರೆ ಕುಗ್ಗಿಸಲು ಬರುವುದಿಲ್ಲ, ಅದಕ್ಕೆ ಇಲ್ಲೂ ಇಎಕ್ಸ್‌ಟಿ4. ಒಂದು ಡಿಸ್ಕ್ ಸತ್ತರೆ ಎರಡರದ್ದೂ ಗತಿ ಏನು ಅಂತ ಕೇಳುತ್ತೀರಿ, ಗೊತ್ತು. ಅದಕ್ಕೆ ಕೆಳಗೆ ಎರಡೂ ಡಿಸ್ಕ್‌ಗಳಲ್ಲಿ ಒಂದೇ ಡೇಟಾ ಇಡುವ ಎಂಡಿಎಡಿಎಂ ಮಿರರ್ ಹಾಕಬೇಕು. ಸಾಟಾ ಪವರ್ ಕೇಬಲ್ ಆರ್ಡರ್ ಮಾಡಿದ್ದೆ, ಡೇಟಾ ಕೇಬಲ್ ಕಳಿಸಿದ್ದಾರೆ. ಬದಲಿ ಬರಲಿ, ಆಮೇಲೆ ಶುರು.